ನೊಣಕ್ಕೆ ಹಾಕಿದ ದುಡ್ಡು ದಂಡ ಅಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಒಬ್ಬರು ಬರೆದಿದ್ದರು. ತಾಲ್ಲೂಕು ಆಸ್ಪತ್ರೆಗಳಲ್ಲಿ ತಜ್ಞ ಡಾಕ್ಟರಿಲ್ಲ, ಮಾತ್ರೆಗೆ ದುಡ್ಡಿಲ್ಲ, ಅಂಥದ್ದರಲ್ಲಿ ವಿಶ್ವವಿದ್ಯಾಲಯದವರು ಬಾಟಲಿಯಲ್ಲಿ ನೊಣ ಸಾಕಿಕೊಂಡು ಪಾರ್ಕಿನ್ಸನ್ ಅನ್ನುವ ನರರೋಗದ ಬಗ್ಗೆ, ಮುಪ್ಪಿನ ಬಗ್ಗೆ ಸಂಶೋಧನೆ ಮಾಡುತ್ತೇವೆ ಅನ್ನುವುದು ಸುಮ್ನೆ ದಂಡ ಅಲ್ವಾ ಅಂತ. ಅವರ ಸಿಟ್ಟಿನ ಮೊದಲ ಅರ್ಧ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ಅಪ್ಪನಿಗೆ ಪಾರ್ಕಿನ್ಸನ್ ಇದೆ. ನಮ್ಮ ಮನೆ ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ. ನರರೋಗ ತಜ್ಞರನ್ನು ನೋಡಬೇಕೆಂದರೆ ಶಿವಮೊಗ್ಗಕ್ಕೆ ಹೋಗಬೇಕು, ಇಲ್ಲವೇ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಬೇಕು. ನಡೆಯಲು ಕಷ್ಟಪಡುವ ಮನುಷ್ಯನನ್ನು ಜಡಿಮಳೆಯಲ್ಲಿ ಹಾಗೆ ಕರೆದುಕೊಂಡು ಹೋಗುವುದು ಏನು ಅಂತ ಹೋದವರಿಗೇ ಗೊತ್ತು. ಆದರೆ ಸಿಟ್ಟಿನ ಎರಡನೇ ಅರ್ಧ ನೊಣದ ಮೇಲೆ ಹೋಗಿದೆ. ಅದು ತಪ್ಪು ಜಾಗ. ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಈಗ ಅಡಿಕೆ ತೋಟ, ಅಪ್ಪನ ಆರೈಕೆ ಎರಡನ್ನೂ ನೋಡಿಕೊಳ್ಳುತ್ತಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾದರೂ ಈ ಪತ್ರ ಬರೆಯಲೇಬೇಕು ಅನ್ನಿಸಿತು.

ಮೊದಲಿಗೆ ಯಾವ ನೊಣ ಅಂತ ಹೇಳಿಬಿಡುತ್ತೇನೆ. ಹೀರೇಕಾಯಿ, ಮಾವಿನಹಣ್ಣು ಚುಚ್ಚಿ ಹುಳ ಬೀಳಿಸುವ ನೊಣ ಇದಲ್ಲ. ಅದಕ್ಕೂ ರೈತರು ಹಣ್ಣಿನ ನೊಣ ಅಂತಲೇ ಹೇಳುತ್ತಾರೆ, ಆದರೆ ಅದು ಬೇರೆ ಜಾತಿ. ನಾನು ಹೇಳುತ್ತಿರುವುದು ಡ್ರೊಸೊಫಿಲಾ. ಹಲಸಿನ ಹಣ್ಣು ಬಿಡಿಸಿಟ್ಟರೆ, ಬಾಳೆಹಣ್ಣು ಜಾಸ್ತಿ ಕಳಿತರೆ ಎಲ್ಲಿಂದಲೋ ಬಂದು ಮುತ್ತುವ, ಎಳ್ಳಿನಷ್ಟು ದೊಡ್ಡ, ಕೆಂಪು ಕಣ್ಣಿನ ನೊಣ. 1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಈ ಕೆಂಪು ಕಣ್ಣಿನವುಗಳ ಮಧ್ಯೆ ಒಂದು ಬಿಳಿ ಕಣ್ಣಿನ ಗಂಡು ನೊಣ ಕಂಡರು. ಅದರ ಸಂತತಿಯನ್ನು ಬೆನ್ನುಹತ್ತಿ ಹೋಗಿದ್ದರಿಂದಲೇ ಹೆತ್ತವರಿಂದ ಮಕ್ಕಳಿಗೆ ಗುಣಗಳನ್ನು ಸಾಗಿಸುವ ಜೀನ್‌ಗಳು ಜೀವಕೋಶದೊಳಗಿನ ಕ್ರೋಮೋಸೋಮ್ ಅನ್ನುವ ಎಳೆಗಳ ಮೇಲೆ ಇರುತ್ತವೆ ಅನ್ನುವುದು ಗಟ್ಟಿಯಾಯಿತು. 1933ರಲ್ಲಿ ಅವರಿಗೆ ನೊಬೆಲ್ ಬಂತು. ಆಮೇಲೂ ಈ ನೊಣದ ಕೆಲಸಕ್ಕೆ ಹಲವು ನೊಬೆಲ್ ಬಂದಿವೆ, 2017ರಲ್ಲಿ ದೇಹದೊಳಗಿನ ಗಡಿಯಾರದ ಸಂಶೋಧನೆಗೆ ಬಂದದ್ದೂ ಸೇರಿ. ಬಹುಮಾನದ ವಿಷಯ ಸಾಕು. ಪಾರ್ಕಿನ್ಸನ್‌ಗೆ ಇದರಿಂದ ಏನು ಸಿಕ್ಕಿತು ಅನ್ನುವುದು ಮುಖ್ಯ.

ಪಾರ್ಕಿನ್ಸನ್ ಅಂದರೆ ಕೈ ನಡುಗುವುದು ಅಂತ ನಮ್ಮೂರಲ್ಲಿ ಎಲ್ಲರೂ ಅಂದುಕೊಂಡಿದ್ದಾರೆ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಅನ್ನುವ ವೈದ್ಯರು ಇದನ್ನು ಮೊದಲು ವಿವರವಾಗಿ ಬರೆದಾಗಲೂ ನಡುಕದ ಹೆಸರಲ್ಲೇ ಬರೆದರು. ಆದರೆ ನಡುಕ ಶುರುವಾಗುವಷ್ಟರಲ್ಲಿ ಕಾಯಿಲೆ ತುಂಬ ಮುಂದೆ ಹೋಗಿರುತ್ತದೆ. ಮಿದುಳಿನ ಒಂದು ಜಾಗದಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ತಯಾರಿಸುವ ನರಕೋಶಗಳಿವೆ. ಅವುಗಳಲ್ಲಿ ದೊಡ್ಡ ಪಾಲು ಸತ್ತುಹೋದ ಮೇಲೆಯೇ ನಡುಕ, ಬಿಗಿತ, ನಿಧಾನ ಹೊರಗೆ ಕಾಣುತ್ತವೆ. ಅದಕ್ಕಿಂತ ಎಷ್ಟೋ ವರ್ಷ ಮೊದಲೇ ಕೆಲವರಿಗೆ ವಾಸನೆ ಗೊತ್ತಾಗುವುದಿಲ್ಲ, ಮಲಬದ್ಧತೆ ಶುರುವಾಗುತ್ತದೆ, ನಿದ್ದೆಯಲ್ಲಿ ಕೂಗುವುದು ಒದೆಯುವುದು ಮಾಡುತ್ತಾರೆ, ಅಕ್ಷರ ಸಣ್ಣದಾಗುತ್ತಾ ಹೋಗುತ್ತದೆ. ಊರಲ್ಲಿ ಇದಕ್ಕೆಲ್ಲ ಒಂದೇ ಉತ್ತರ, ವಯಸ್ಸಾಯ್ತು ಬಿಡಿ. ಈಗ ನಾವು ಕೊಡುವ ಲೆವೊಡೋಪಾ ಮಾತ್ರೆ ಕಡಿಮೆಯಾದ ಡೋಪಮೈನನ್ನು ತುಂಬಿಕೊಡುತ್ತದೆ. ಅಪ್ಪ ಕಾಫಿ ಲೋಟ ಹಿಡಿಯುವುದು, ಗುಂಡಿ ಹಾಕಿಕೊಳ್ಳುವುದು ಆ ಮಾತ್ರೆಯಿಂದಲೇ. ಅದನ್ನು ಕಡೆಗಣಿಸುವ ಮಾತೇ ಇಲ್ಲ. ಆದರೆ ಕೋಶಗಳು ಸಾಯುವುದನ್ನು ಅದು ನಿಲ್ಲಿಸುವುದಿಲ್ಲ. ನಿಲ್ಲಿಸಬೇಕೆಂದರೆ ಅವು ಯಾಕೆ ಸಾಯುತ್ತವೆ ಅಂತ ಗೊತ್ತಾಗಬೇಕು. ಬದುಕಿರುವ ಮನುಷ್ಯನ ಮಿದುಳನ್ನು ತೆರೆದು, ಮೂವತ್ತನೇ ವಯಸ್ಸಿನಿಂದ ಎಪ್ಪತ್ತರವರೆಗೆ ಯಾರು ನೋಡಲು ಸಾಧ್ಯ?

ಇಲ್ಲಿ ನೊಣ ಬರುತ್ತದೆ. 25 ಡಿಗ್ರಿ ಬಿಸಿಯಲ್ಲಿ ಮೊಟ್ಟೆಯಿಂದ ರೆಕ್ಕೆ ಬರುವ ತನಕ ಅದಕ್ಕೆ ಹತ್ತು ದಿನ ಸಾಕು. ಎರಡು ತಿಂಗಳು ಆಚೀಚೆ ಅದರ ಆಯಸ್ಸು ಮುಗಿಯುತ್ತದೆ. ಒಂದು ಇಡೀ ಜೀವಮಾನವನ್ನು, ಮುಪ್ಪು ಸಮೇತ, ಕಾಲೇಜಿನ ಒಂದು ಸೆಮಿಸ್ಟರ್ ಒಳಗೆ ನೋಡಿಬಿಡಬಹುದು. ಮನುಷ್ಯರಲ್ಲಿ ಕಾಯಿಲೆ ತರುವ ಜೀನ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲಿಗೆ ಹೋಲುವ ಜೀನ್ ಈ ನೊಣದಲ್ಲೂ ಇದೆ. ಡೋಪಮೈನ್ ತಯಾರಿಸುವ ನರಕೋಶಗಳೂ ಇವೆ.

1997ರಲ್ಲಿ ಇಟಲಿ ಮತ್ತು ಗ್ರೀಸ್ ಮೂಲದ ಕೆಲವು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುತ್ತಿದ್ದ ಪಾರ್ಕಿನ್ಸನ್‌ಗೆ ಒಂದು ಜೀನಿನ ದೋಷ ಕಾರಣ ಅಂತ ಗೊತ್ತಾಯಿತು. ಆ ಜೀನ್ ಆಲ್ಫಾ ಸೈನ್ಯೂಕ್ಲಿನ್ ಅನ್ನುವ ಪ್ರೋಟೀನ್ ತಯಾರಿಸುತ್ತದೆ. ನೊಣಕ್ಕೆ ತನ್ನದೇ ಆದ ಸೈನ್ಯೂಕ್ಲಿನ್ ಇಲ್ಲ. 2000ದಲ್ಲಿ ಹಾರ್ವರ್ಡ್‌ನ ಮೆಲ್ ಫೀನಿ ಮತ್ತು ವೆಲ್‌ಕಮ್ ಬೆಂಡರ್ ಮನುಷ್ಯನ ಜೀನನ್ನೇ ನೊಣದೊಳಗೆ ಸೇರಿಸಿ, ನರಕೋಶಗಳಲ್ಲಿ ಕೆಲಸ ಮಾಡುವ ಹಾಗೆ ಮಾಡಿದರು. ಬೇಕಾದ ಕೋಶದಲ್ಲಿ ಮಾತ್ರ ಬೇಕಾದ ಜೀನ್ ಎಬ್ಬಿಸುವ ಈ ಉಪಾಯವನ್ನು 1993ರಲ್ಲೇ ಆಂಡ್ರಿಯಾ ಬ್ರಾಂಡ್, ನಾರ್ಬರ್ಟ್ ಪೆರಿಮಾನ್ ಕಂಡುಹಿಡಿದಿದ್ದರು, ಅದೂ ನೊಣದಲ್ಲೇ. ಎಳೆಯ ವಯಸ್ಸಿನಲ್ಲಿ ಆ ನೊಣಗಳು ಬೇರೆ ನೊಣಗಳ ಹಾಗೇ ಇದ್ದವು. ವಯಸ್ಸಾಗುತ್ತಾ ಡೋಪಮೈನ್ ಕೋಶಗಳು ಕಡಿಮೆಯಾದವು, ರೋಗಿಗಳ ಮಿದುಳಿನಲ್ಲಿ ಕಾಣುವಂಥ ಪ್ರೋಟೀನ್ ಗಂಟುಗಳು ಕಾಣಿಸಿಕೊಂಡವು, ಹತ್ತುವ ಶಕ್ತಿ ಬೇರೆ ನೊಣಗಳಿಗಿಂತ ಬೇಗ ಹೋಯಿತು. ಈ ಹತ್ತುವ ಪರೀಕ್ಷೆ ಬಹಳ ಸರಳ. ನೊಣ ಇರುವ ಗಾಜಿನ ಕೊಳವೆಯನ್ನು ಮೇಜಿಗೆ ಮೆಲ್ಲಗೆ ತಟ್ಟಿದರೆ ಎಲ್ಲವೂ ತಳಕ್ಕೆ ಬೀಳುತ್ತವೆ. ಆರೋಗ್ಯವಾಗಿರುವ ನೊಣ ತಕ್ಷಣ ಮೇಲಕ್ಕೆ ಹತ್ತುತ್ತದೆ. ಕಾಯಿಲೆಯ ನೊಣ ಅರ್ಧಕ್ಕೆ ನಿಲ್ಲುತ್ತದೆ, ಜಾರುತ್ತದೆ, ತಳದಲ್ಲೇ ಉಳಿಯುತ್ತದೆ. 2002ರಲ್ಲಿ ಇನ್ನೊಂದು ತಂಡ ಇಂಥ ನೊಣಗಳಿಗೆ ಲೆವೊಡೋಪಾ ಕೊಟ್ಟು ನೋಡಿತು. ಹತ್ತುವ ಶಕ್ತಿ ವಾಪಸ್ ಬಂತು. ಅಪ್ಪನ ಡಬ್ಬಿಯಲ್ಲಿರುವ ಅದೇ ಔಷಧಿ ಸ್ವಾಮಿ! ನೊಣ ನೊಣವೇ, ಮನುಷ್ಯ ಮನುಷ್ಯನೇ, ಆದರೆ ಒಳಗಿನ ಕೆಲಸದ ರೀತಿ ಎಷ್ಟು ಹತ್ತಿರ ಅಂತ ಇದರಿಂದ ಗೊತ್ತಾಗುತ್ತದೆ.

ನನಗೆ ಇದಕ್ಕಿಂತ ದೊಡ್ಡದು ಅನ್ನಿಸುವುದು ಪಾರ್ಕಿನ್ ಮತ್ತು ಪಿಂಕ್-1 ಅನ್ನುವ ಎರಡು ಜೀನ್‌ಗಳ ಕಥೆ. ಚಿಕ್ಕ ವಯಸ್ಸಿನಲ್ಲೇ, ಕೆಲವರಿಗೆ ನಲವತ್ತು ತುಂಬುವ ಮೊದಲೇ, ಪಾರ್ಕಿನ್ಸನ್ ಬರುವ ಕುಟುಂಬಗಳಿವೆ. 1998ರಲ್ಲಿ ಜಪಾನಿನವರು ಅಂಥ ಕುಟುಂಬಗಳಲ್ಲಿ ಪಾರ್ಕಿನ್ ಜೀನ್ ಕೆಟ್ಟಿರುವುದನ್ನು ಕಂಡುಹಿಡಿದರು. 2004ರಲ್ಲಿ ಬೇರೆ ಕುಟುಂಬಗಳಲ್ಲಿ ಪಿಂಕ್-1 ಸಿಕ್ಕಿತು. ಎರಡೂ ಬೇರೆ ಬೇರೆ ಜೀನ್, ಆದರೆ ಕಾಯಿಲೆ ಒಂದೇ ಥರ. ಇವಕ್ಕೆ ಒಂದಕ್ಕೊಂದು ಏನು ಸಂಬಂಧ ಅಂತ ರೋಗಿಗಳನ್ನು ಎಷ್ಟು ಪರೀಕ್ಷೆ ಮಾಡಿದರೂ ಗೊತ್ತಾಗುತ್ತಿರಲಿಲ್ಲ. 2003ರಲ್ಲಿ ಅಮೆರಿಕದ ಲಿಯೋ ಪಲಾಂಕ್ ಅವರ ಗುಂಪು ಪಾರ್ಕಿನ್ ಇಲ್ಲದ ನೊಣ ತಯಾರಿಸಿತು. ಅವು ಹಾರಲಾರದಾದವು. ಹಾರುವ ಸ್ನಾಯು ಹಾಳಾಗಿತ್ತು, ಅದರೊಳಗಿನ ಮೈಟೊಕಾಂಡ್ರಿಯಗಳು, ಅಂದರೆ ಜೀವಕೋಶಕ್ಕೆ ಶಕ್ತಿ ಮಾಡಿಕೊಡುವ ಕಣಗಳು, ಊದಿಕೊಂಡು ಒಡೆದಿದ್ದವು. 2006ರಲ್ಲಿ ಅಮೆರಿಕದ ಮಿಂಗ್ ಗುವೋ ಅವರ ಗುಂಪು, ದಕ್ಷಿಣ ಕೊರಿಯಾದ ಜೊಂಗ್ಕ್ಯೊಂಗ್ ಚುಂಗ್ ಅವರ ಗುಂಪು ಪಿಂಕ್-1 ಇಲ್ಲದ ನೊಣಗಳನ್ನು ನೋಡಿದರೆ ಅವೂ ಅಚ್ಚು ಹಾಗೇ ಇದ್ದವು. ಆಮೇಲೆ ಒಂದು ಚೆಂದದ ಪ್ರಯೋಗ ಮಾಡಿದರು. ಪಿಂಕ್-1 ಇಲ್ಲದ ನೊಣಕ್ಕೆ ಪಾರ್ಕಿನ್ ಜಾಸ್ತಿ ಕೊಟ್ಟರು. ನೊಣ ಸುಧಾರಿಸಿತು. ತಿರುಗಿಸಿ, ಪಾರ್ಕಿನ್ ಇಲ್ಲದ ನೊಣಕ್ಕೆ ಪಿಂಕ್-1 ಜಾಸ್ತಿ ಕೊಟ್ಟರು. ಏನೂ ಉಪಯೋಗ ಆಗಲಿಲ್ಲ. ಅಲ್ಲಿಗೆ ವಿಷಯ ತೀರ್ಮಾನವಾಯಿತು. ಎರಡೂ ಒಂದೇ ದಾರಿಯಲ್ಲಿ ಕೆಲಸ ಮಾಡುತ್ತವೆ, ಪಿಂಕ್-1 ಮೊದಲು, ಪಾರ್ಕಿನ್ ನಂತರ. ಬರೀ ನೊಣಗಳ ಸಂಬಂಧ ಬೆಳೆಸಿ, ಮರಿಗಳನ್ನು ನೋಡಿ ಕಂಡುಕೊಂಡ ಸತ್ಯ ಇದು.

2008ರಿಂದ ಈಚೆಗೆ ಅಮೆರಿಕದ ರಿಚರ್ಡ್ ಯೂಲ್ ಅವರ ಗುಂಪು ಮತ್ತು ಇತರರು ಮನುಷ್ಯರ ಜೀವಕೋಶಗಳಲ್ಲಿ ಆ ದಾರಿಯ ಕೆಲಸ ಏನು ಅಂತ ತೋರಿಸಿದರು. ಕೆಟ್ಟುಹೋದ ಮೈಟೊಕಾಂಡ್ರಿಯವನ್ನು ಪಿಂಕ್-1 ಗುರುತು ಮಾಡುತ್ತದೆ, ಪಾರ್ಕಿನ್ ಬಂದು ಅದನ್ನು ವಿಲೇವಾರಿಗೆ ಕಳಿಸುತ್ತದೆ. ವೀಳ್ಯದೆಲೆಯ ಕಟ್ಟಿನಲ್ಲಿ ಕೊಳೆತ ಒಂದು ಎಲೆಯನ್ನು ದಿನಾ ನೋಡಿ ತೆಗೆಯದಿದ್ದರೆ ಪಕ್ಕದ್ದೂ ಕೊಳೆಯುತ್ತದೆ, ಹಾಗೆ. ಡೋಪಮೈನ್ ಕೋಶಗಳಿಗೆ ಶಕ್ತಿ ಜಾಸ್ತಿ ಬೇಕು, ಹಾಗಾಗಿ ಈ ಕೊಳೆತದ್ದು ಉಳಿದರೆ ಮೊದಲ ಪೆಟ್ಟು ಬೀಳುವವುಗಳಲ್ಲಿ ಅವೂ ಸೇರುತ್ತವೆ. ಇವತ್ತು ದೊಡ್ಡ ದೊಡ್ಡ ಔಷಧ ಪ್ರಯೋಗಾಲಯಗಳು ಈ ವಿಲೇವಾರಿ ಕೆಲಸವನ್ನು ಚುರುಕುಗೊಳಿಸುವ ಮದ್ದು ಹುಡುಕುತ್ತಿವೆ. ಆ ಹುಡುಕಾಟಕ್ಕೆ ದಿಕ್ಕು ತೋರಿಸಿದ ಕೆಲಸಗಳಲ್ಲಿ ಹಾರಲಾರದ ಆ ನೊಣಗಳದ್ದು ದೊಡ್ಡ ಪಾಲು. ಇದನ್ನು ದಂಡ ಅಂತ ಹೇಗೆ ಹೇಳುವುದು?

ಮುಪ್ಪಿನ ವಿಷಯಕ್ಕೆ ಬರುತ್ತೇನೆ. ಪಾರ್ಕಿನ್ಸನ್ ಬರಲು ಇರುವ ಕಾರಣಗಳಲ್ಲಿ ಎಲ್ಲಕ್ಕಿಂತ ದೊಡ್ಡದು ವಯಸ್ಸು. ಹಾಗಾದರೆ ವಯಸ್ಸು ಅನ್ನುವುದು ಬರೀ ವರ್ಷಗಳ ಲೆಕ್ಕವೋ, ಅದಕ್ಕೂ ಜೀನ್‌ಗಳ ಕೈವಾಡ ಇದೆಯೋ? 1980ರ ದಶಕದಲ್ಲಿ ಮೈಕಲ್ ರೋಸ್ ಅನ್ನುವವರು ವಯಸ್ಸಾದ ಹೆಣ್ಣು ನೊಣಗಳು ಇಟ್ಟ ಮೊಟ್ಟೆಯನ್ನು ಮಾತ್ರ ಉಳಿಸಿಕೊಳ್ಳುತ್ತಾ, ತಲೆಮಾರು ತಲೆಮಾರು ಹಾಗೇ ಮಾಡುತ್ತಾ ಹೋದರು. ಜಾಸ್ತಿ ದಿನ ಬದುಕುವ ನೊಣಗಳ ವಂಶವೇ ಬಂತು. 1998ರಲ್ಲಿ ಅಮೆರಿಕದ ಸೆಮೂರ್ ಬೆಂಜರ್ ಅವರ ತಂಡ ಒಂದೇ ಜೀನ್ ಬದಲಾದ ಕಾರಣಕ್ಕೆ ನೂರಕ್ಕೆ ಸುಮಾರು 35ರಷ್ಟು ಹೆಚ್ಚು ಕಾಲ ಬದುಕುವ ನೊಣವನ್ನು ಕಂಡಿತು. ಬೈಬಲ್ಲಿನ ದೀರ್ಘಾಯುಷಿ ಮೆಥೂಸೆಲಾನ ಹೆಸರನ್ನೇ ಅದಕ್ಕೆ ಇಟ್ಟರು. ಈ ಬೆಂಜರ್ ಜೊತೆ ಕೆಲಸ ಮಾಡಿದವರು ನಮ್ಮ ದೇಶದ ವಿಜ್ಞಾನಿ ಒಬೈದ್ ಸಿದ್ದಿಕಿ. ಮುಂದೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದವರು ಅವರೇ. ನೊಣದ ವಿಜ್ಞಾನ ಅಂದರೆ ಎಲ್ಲೋ ಪರದೇಶದ್ದು ಅಂದುಕೊಳ್ಳಬೇಕಿಲ್ಲ.

ಆ ದೀರ್ಘಾಯುಷಿ ನೊಣದಲ್ಲಿ ಇನ್ನೊಂದು ಗುಣ ಇತ್ತು. ಹಸಿವು, ಬಿಸಿ ಎಲ್ಲ ಬೇರೆ ನೊಣಗಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತಿತ್ತು, ಜೊತೆಗೆ ಪ್ಯಾರಾಕ್ವಾಟ್ ಅನ್ನುವ ವಿಷವನ್ನೂ. ಪ್ಯಾರಾಕ್ವಾಟ್ ಹೆಸರು ಕೇಳಿದರೆ ನಮ್ಮ ಕಡೆಯ ರೈತರಿಗೆ ಬೇರೆ ಪರಿಚಯ ಬೇಕಿಲ್ಲ. ಬೆಳಿಗ್ಗೆ ಹೊಡೆದರೆ ಸಂಜೆಯೊಳಗೆ ಕಳೆ ಬಾಡುವ ಔಷಧಿ. ತೋಟದಲ್ಲಿ, ಶುಂಠಿ ಹಾಕುವ ಜಾಗದಲ್ಲಿ, ಬದುವಿನ ಮೇಲೆ ಹೊಡೆಯುತ್ತಾರೆ. ಕೈಗೆ ಗ್ಲೌಸ್ ಇಲ್ಲ, ಮುಖಕ್ಕೆ ಬಟ್ಟೆ ಇಲ್ಲ, ಲುಂಗಿ ಎತ್ತಿ ಕಟ್ಟಿಕೊಂಡು ಬರಿಗಾಲಲ್ಲಿ. ಪ್ರಯೋಗಾಲಯದಲ್ಲಿ ನೊಣಕ್ಕೆ ಪಾರ್ಕಿನ್ಸನ್ ಥರದ ಸ್ಥಿತಿ ತರಬೇಕೆಂದರೆ ಸಂಶೋಧಕರು ಆಹಾರದಲ್ಲಿ ಬೆರೆಸಿ ಕೊಡುವ ರಾಸಾಯನಿಕಗಳಲ್ಲಿ ಇದೂ ಒಂದು. ಇನ್ನೊಂದು ರೊಟೆನೋನ್, ಅದು ಕೀಟನಾಶಕ. ಇವು ಕೋಶದೊಳಗೆ ಮೈಟೊಕಾಂಡ್ರಿಯಕ್ಕೆ ಪೆಟ್ಟು ಕೊಡುತ್ತವೆ, ಉರಿಯಂಥ ಆಕ್ಸಿಜನ್ ಕಣಗಳನ್ನು ಹುಟ್ಟಿಸುತ್ತವೆ. ನೊಣ ಹತ್ತಲಾರದಾಗುತ್ತದೆ.

ಮನುಷ್ಯರ ಮಾತೇನು? 2011ರಲ್ಲಿ ಅಮೆರಿಕದ ರೈತರು ಮತ್ತು ಔಷಧಿ ಹೊಡೆಯುವವರ ಅಧ್ಯಯನವೊಂದು ಬಂತು. ಪ್ಯಾರಾಕ್ವಾಟ್ ಇಲ್ಲವೇ ರೊಟೆನೋನ್ ಬಳಸಿದವರಲ್ಲಿ ಪಾರ್ಕಿನ್ಸನ್ ಸುಮಾರು ಎರಡೂವರೆ ಪಟ್ಟು ಹೆಚ್ಚು ಕಂಡಿತು. ಯೂರೋಪ್ ಒಕ್ಕೂಟದಲ್ಲಿ 2007ರಿಂದ ಪ್ಯಾರಾಕ್ವಾಟ್ ಇಲ್ಲ. ಇದನ್ನು ಓದಿ ಯಾರೂ ನಮ್ಮಪ್ಪನಿಗೆ ಇದರಿಂದಲೇ ಬಂತು ಅಂತ ಹೇಳಬಾರದು, ನಾನೂ ಹೇಳುವುದಿಲ್ಲ. ಒಬ್ಬ ರೋಗಿಯನ್ನು ತೋರಿಸಿ ಕಾರಣ ಹೇಳಲು ಆಗುವುದಿಲ್ಲ. ಕಳೆ ಔಷಧಿಯ ಡಬ್ಬಿ ಮುಟ್ಟದವರಿಗೂ ಬರುತ್ತದೆ, ಜೀವನವಿಡೀ ಹೊಡೆದವರಿಗೂ ಬಾರದೇ ಇರಬಹುದು. ಆದರೆ ಜನರಲ್ಲಿ ಕಂಡ ಸಂಬಂಧಕ್ಕೆ ಕೋಶದೊಳಗೆ ಏನು ನಡೆಯುತ್ತದೆ ಅನ್ನುವ ವಿವರಣೆ ಸೇರಿಸುವುದು ನೊಣದಂಥ ಪ್ರಾಣಿಗಳ ಮೇಲಿನ ಕೆಲಸ. ಆ ವಿವರಣೆ ಇಲ್ಲದಿದ್ದರೆ ಕಂಪನಿಗಳವರು ಇದೆಲ್ಲ ಕಾಕತಾಳೀಯ ಅಂತ ತಳ್ಳಿಹಾಕುವುದು ಸುಲಭ.

ಅರಿಶಿನದ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ವಾಟ್ಸಾಪಿನಲ್ಲಿ ದಿನಾ ಬರುತ್ತದೆ. ನಾಗಾಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ನೊಣದ ಮೇಲೆ ಪಾರ್ಕಿನ್ಸನ್ ಕೆಲಸ ಮಾಡುವ ಒಂದು ಒಳ್ಳೆಯ ಗುಂಪಿದೆ. 2014ರಲ್ಲಿ ಅವರು ಅರಿಶಿನದ ಕರ್ಕ್ಯುಮಿನ್ ಅಂಶವನ್ನು ಪ್ಯಾರಾಕ್ವಾಟ್ ತಿಂದ ನೊಣಗಳಿಗೆ ಕೊಟ್ಟು ನೋಡಿದ್ದನ್ನು ಪ್ರಕಟಿಸಿದರು. ಎಳೆಯ ನೊಣಗಳಿಗೆ ರಕ್ಷಣೆ ಸಿಕ್ಕಿತು. ವಯಸ್ಸು ದಾಟಿ, ಸಾವುಗಳು ಶುರುವಾಗುವ ಹಂತದ ನೊಣಗಳಿಗೆ ಸಿಗಲಿಲ್ಲ. ಅದೇ ಪದಾರ್ಥ, ಅದೇ ವಿಷ, ವಯಸ್ಸು ಮಾತ್ರ ಬೇರೆ. ಪಾರ್ಕಿನ್ಸನ್ ಮುಪ್ಪಿನ ಕಾಯಿಲೆ ಆಗಿರುವಾಗ ಮದ್ದನ್ನು ಎಳೆಯ ಪ್ರಾಣಿಯಲ್ಲಿ ಮಾತ್ರ ಪರೀಕ್ಷಿಸಿ ಸಂಭ್ರಮಪಟ್ಟರೆ ಏನೂ ಪ್ರಯೋಜನ ಇಲ್ಲ ಅಂತ ಅವರು ತೋರಿಸಿಕೊಟ್ಟರು. ಇಂಥ ಮಾತು ಹೇಳಬೇಕೆಂದರೆ ಬಾಳಿನ ಪ್ರತಿ ಹಂತವನ್ನೂ ನೋಡಬೇಕು. ಇಲಿಯಲ್ಲಿ ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ, ನೊಣದಲ್ಲಿ ವಾರಗಳು.

ಮೈಸೂರಿನ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲೂ ಇಂಥ ಕೆಲಸ ನಡೆದಿದೆ. 2009ರಲ್ಲಿ ಅಲ್ಲಿನ ಸಂಶೋಧಕರು ರೊಟೆನೋನ್ ತಿಂದ ನೊಣಗಳಿಗೆ ನೀರುಬ್ರಾಹ್ಮಿಯಿಂದ ರಕ್ಷಣೆ ಸಿಗುವುದನ್ನು ತೋರಿಸಿದರು. ನಾವು ತಂಬುಳಿ ಮಾಡುವ ಒಂದೆಲಗ ಅಲ್ಲ ಇದು, ಗದ್ದೆಯ ನೀರಿನಂಚಿನಲ್ಲಿ ಬೆಳೆಯುವ ಬೇರೆ ಗಿಡ. ನಮ್ಮ ಬೇಲಿಯಲ್ಲಿ ಹಬ್ಬುವ, ಮೈಗೆ ತಾಗಿದರೆ ತುರಿಕೆ ತಡೆಯಲಾಗದ ನಸುಗುನ್ನಿಯ ಬೀಜದಲ್ಲಿ ಲೆವೊಡೋಪಾ ಇರುವುದನ್ನು ಭಾರತದ ವಿಜ್ಞಾನಿಗಳು 1937ರಲ್ಲೇ ಬೇರ್ಪಡಿಸಿ ತೋರಿಸಿದ್ದರು. 2014ರಲ್ಲಿ ಇಟಲಿಯವರು ಪಿಂಕ್-1 ಕೆಟ್ಟ ನೊಣಗಳಿಗೆ ನಸುಗುನ್ನಿ ಸಾರ ಕೊಟ್ಟು, ಹತ್ತುವುದು, ವಾಸನೆ ಹಿಡಿಯುವುದು ಎರಡೂ ಸುಧಾರಿಸಿದ್ದನ್ನು ಕಂಡರು. ಇದನ್ನು ಓದಿ ಯಾರಾದರೂ ಬೀಜ ಅರೆದು ಕುಡಿಸಲು ಹೊರಟರೆ ದಯವಿಟ್ಟು ಬೇಡ. ಮಾತ್ರೆ ತಗೊಳ್ಳುತ್ತಿರುವವರಿಗೆ ಅದರ ಮೇಲೆ ಇನ್ನಷ್ಟು ಲೆವೊಡೋಪಾ ಸೇರಿದರೆ ವಾಂತಿ, ತಲೆಸುತ್ತು, ಅಂಕೆಯಿಲ್ಲದ ಅಲುಗಾಟ ಎಲ್ಲ ಆಗಬಹುದು. ಡಾಕ್ಟರನ್ನು ಕೇಳದೆ ಕೊಡಬಾರದು.

ನೊಣದಿಂದ ಎಲ್ಲ ಉತ್ತರ ಸಿಗುತ್ತದೆ ಅಂತ ನಾನು ಹೇಳುತ್ತಿಲ್ಲ. ಅದರ ಮಿದುಳಿನಲ್ಲಿರುವುದು ಸುಮಾರು 1 ಲಕ್ಷ 40 ಸಾವಿರ ನರಕೋಶ, ನಮ್ಮಲ್ಲಿ 8,600 ಕೋಟಿ. ಪಿಂಕ್-1 ಕೆಟ್ಟ ನೊಣದಲ್ಲಿ ಎದ್ದು ಕಾಣುವ ಪೆಟ್ಟು ಹಾರುವ ಸ್ನಾಯುವಿಗೆ ಬೀಳುತ್ತದೆ, ಮನುಷ್ಯನಲ್ಲಿ ಮಿದುಳಿಗೆ. ಪಾರ್ಕಿನ್ಸನ್ ಇರುವ ಹೆಚ್ಚಿನವರಲ್ಲಿ ಒಂದೇ ಜೀನಿನ ದೋಷ ಅಂತ ತೋರಿಸಲು ಸಿಗುವುದಿಲ್ಲ. ನೊಣದಲ್ಲಿ ಕೆಲಸ ಮಾಡಿದ ಮದ್ದು ಇಲಿಯಲ್ಲಿ, ಆಮೇಲೆ ಜನರಲ್ಲಿ ಸೋಲಬಹುದು, ಸೋತಿರುವುದೂ ಉಂಟು. ಆದರೆ ಸಾವಿರ ಸಾಧ್ಯತೆಗಳಲ್ಲಿ ಹತ್ತನ್ನು ಆರಿಸಿಕೊಡುವ ಕೆಲಸವನ್ನು ಇಷ್ಟು ಕಡಿಮೆ ದುಡ್ಡಿನಲ್ಲಿ ಮಾಡಿಕೊಡುವ ಪ್ರಾಣಿಗಳು ಬಹಳ ಕಡಿಮೆ.

ಕಡಿಮೆ ದುಡ್ಡು ಅಂದೆ. ಅದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪತ್ರ ಬರೆದವರ ಮುಖ್ಯ ತಕರಾರು ಅದೇ. ಮಾನಸಗಂಗೋತ್ರಿಯಲ್ಲಿ ನಾವು ನೊಣಕ್ಕೆ ಆಹಾರ ಮಾಡುತ್ತಿದ್ದುದು ರವೆ, ಬೆಲ್ಲ, ಅಗರ್ ಸೇರಿಸಿ ಕುದಿಸಿ, ಬೂಷ್ಟು ಹಿಡಿಯದಂತೆ ಸ್ವಲ್ಪ ಪ್ರೊಪಿಯಾನಿಕ್ ಆಮ್ಲ ಹಾಕಿ, ಮೇಲೆ ಈಸ್ಟ್ ಉದುರಿಸಿ. ಹಾಲಿನ ಬಾಟಲಿ, ಹತ್ತಿಯ ಬಿರಡೆ, ಒಂದು ಸಾಧಾರಣ ಸೂಕ್ಷ್ಮದರ್ಶಕ. ಅಲ್ಲಿನ ಪ್ರಾಣಿಶಾಸ್ತ್ರ ವಿಭಾಗದಲ್ಲೇ ಡ್ರೊಸೊಫಿಲಾ ಸಂಗ್ರಹ ಕೇಂದ್ರ ಇದೆ, ಬೇರೆ ಬೇರೆ ತಳಿಯ ನೊಣಗಳನ್ನು ಕಾಪಾಡಿ ಇಡುತ್ತಾರೆ. ನಮ್ಮ ಜಿಲ್ಲೆಯ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇದೆ, ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯಲ್ಲಿ ಪದವಿ ಕಾಲೇಜುಗಳಿವೆ. ಅಡಿಕೆ ಮನೆಯ, ಕೂಲಿ ಮನೆಯ ಮಕ್ಕಳು ಅಲ್ಲಿ ಪ್ರಾಣಿಶಾಸ್ತ್ರ ಓದುತ್ತಾರೆ. ಅವರ ತೋಟಕ್ಕೆ ಬರುವ ಔಷಧಿಗಳು ವಯಸ್ಸಾದ ನೊಣಕ್ಕೆ ಏನು ಮಾಡುತ್ತವೆ, ಎಳೆಯದಕ್ಕೆ ಏನು ಮಾಡುತ್ತವೆ ಅಂತ ಅವರೇ ಗಾಜಿನ ಕೊಳವೆ ತಟ್ಟಿ ನೋಡಬಹುದು. ಅದಕ್ಕೆ ಕೋಟಿ ಬೇಡ. ಒಬ್ಬ ಆಸಕ್ತಿಯ ಮೇಷ್ಟ್ರು, ಕರೆಂಟು ಹೋದರೂ ತಂಪಾಗಿರುವ ಒಂದು ಕೋಣೆ, ಸ್ವಲ್ಪ ಅನುದಾನ ಸಾಕು. ಮಲೆನಾಡಿನಲ್ಲಿ ತಂಪು ಕೋಣೆಗೇನೂ ಕೊರತೆ ಇಲ್ಲ.

ತಜ್ಞ ವೈದ್ಯರು ಬೇಕು ಅನ್ನುವ ಬೇಡಿಕೆಗೆ ನನ್ನ ಸಹಿಯೂ ಇದೆ. ತಿಂಗಳಿಗೆ ಒಮ್ಮೆಯಾದರೂ ನರರೋಗ ತಜ್ಞರು ತಾಲ್ಲೂಕು ಆಸ್ಪತ್ರೆಗೆ ಬಂದು ಕೂತರೆ ಎಷ್ಟೋ ಮನೆಗಳಿಗೆ ಉಪಕಾರವಾಗುತ್ತದೆ. ಅದನ್ನು ಕೇಳಬೇಕಾದ್ದು ಆರೋಗ್ಯ ಇಲಾಖೆಯನ್ನು. ನೊಣ ಸಾಕುವ ಹುಡುಗ ಹುಡುಗಿಯರ ಕೈಯಿಂದ ರವೆ ಬೆಲ್ಲ ಕಿತ್ತುಕೊಂಡರೆ ತೀರ್ಥಹಳ್ಳಿಗೆ ಡಾಕ್ಟರು ಬರುವುದಿಲ್ಲ.

ಕೃಷಿ ಇಲಾಖೆಯವರಿಗೂ ಒಂದು ಮಾತು. ಕಳೆನಾಶಕ ಮಾರುವ ಅಂಗಡಿಯಲ್ಲಿ ಗ್ಲೌಸು, ಮುಖಕವಚ ಇರುವುದೇ ಅಪರೂಪ, ಇದ್ದರೂ ಕೊಳ್ಳುವವರಿಲ್ಲ. ಔಷಧಿ ಹೊಡೆಯಲು ಬರುವ ಕೂಲಿಯವರು ಅದನ್ನು ಕೇಳುವ ಸ್ಥಿತಿಯಲ್ಲಿಲ್ಲ, ತೋಟದ ಯಜಮಾನರೇ ಕೊಡಿಸಬೇಕು. ಮುಂಗಾರಿನ ತರಬೇತಿಗಳಲ್ಲಿ ಈ ವಿಷಯಕ್ಕೆ ಅರ್ಧ ಗಂಟೆ ಇಡಿ.

ಸಂಪಾದಕರೇ, ಏಪ್ರಿಲ್ 11 ಜೇಮ್ಸ್ ಪಾರ್ಕಿನ್ಸನ್ ಹುಟ್ಟಿದ ದಿನ, ಅದನ್ನೇ ವಿಶ್ವ ಪಾರ್ಕಿನ್ಸನ್ ದಿನ ಅಂತ ಆಚರಿಸುತ್ತಾರೆ. ಅವತ್ತಿನ ಪತ್ರಿಕೆಯಲ್ಲಿ ಅರ್ಧ ಪುಟ ಕೊಡಿ. ನಡುಕಕ್ಕೆ ಮೊದಲು ಕಾಣುವ ಲಕ್ಷಣಗಳನ್ನು ದೊಡ್ಡ ಅಕ್ಷರದಲ್ಲಿ ಹಾಕಿ, ಜಿಲ್ಲೆಯಲ್ಲಿ ನರರೋಗ ತಜ್ಞರು ಎಲ್ಲಿ, ಯಾವ ದಿನ ಸಿಗುತ್ತಾರೆ ಅಂತ ತಾಲ್ಲೂಕುವಾರು ಹಾಕಿ. ಪಕ್ಕದಲ್ಲೇ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ನೊಣದ ಮೇಲೆ ಕೆಲಸ ಮಾಡುತ್ತಿರುವ ಯಾವುದಾದರೂ ವಿದ್ಯಾರ್ಥಿಯಿಂದ ಅವರ ಕೆಲಸದ ಬಗ್ಗೆ ಕನ್ನಡದಲ್ಲಿ ಬರೆಸಿ.

ಇಂತಿ,
ಒಬ್ಬ ಓದುಗಿ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ